ಹಜಾರಕ್ಕೆ ಬಂದ ಕಡಲು

ಬಂಗಾರಪೇಟೆ ಜಂಕ್ಷನ್ನಿನಿಂದ ಚೆನ್ನೈಗೆ ರೈಲಿನಲ್ಲಿ ಸುಮಾರು 290 ಕಿ.ಮೀ. ಕಡಲು ಇರುವುದು ಅಷ್ಟು ದೂರದಲ್ಲಿ. ಆದರೂ ಹವಳ, ಕಡಲಕಳೆ, ಬಣ್ಣದ ಮೀನುಗಳನ್ನು ಒಂದೇ ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸ ಚಿತ್ರಗಳಲ್ಲಿ ಬಹಳ ಸೊಗಸಾಗಿ ಕಾಣುತ್ತದೆ. ಕೆ.ಜಿ.ಎಫ್.ನಂಥ ಒಣ ಊರಿನ ಹುಡುಗನೋ ಹುಡುಗಿಯೋ ‘ನಮ್ಮ ಮನೆಗೂ ಒಂದು ಬೇಕು’ ಎಂದು ಹಟ ಹಿಡಿದರೆ ತಪ್ಪೆನ್ನಲಾಗದು. ದುಡ್ಡು ಬಿಚ್ಚುವ ಮೊದಲು ಮನೆಯವರೆಲ್ಲ ತಿಳಿದಿರಬೇಕಾದ ಸಂಗತಿಗಳು ಕೆಲವಿವೆ.

ಹವಳ ಕಲ್ಲಲ್ಲ, ಗಿಡವೂ ಅಲ್ಲ, ಅದು ಪ್ರಾಣಿ. ಅದರ ಮೈಯೊಳಗೆ ಬರಿಗಣ್ಣಿಗೆ ಕಾಣದ ಏಕಕೋಶ ಪಾಚಿಗಳು ಬಿಡಾರ ಹೂಡಿ, ಬೆಳಕಿನಿಂದ ಆಹಾರ ತಯಾರಿಸಿ, ಅದರಲ್ಲಿ ದೊಡ್ಡ ಪಾಲನ್ನು ಬಾಡಿಗೆಯಂತೆ ಮನೆಯೊಡೆಯನಿಗೆ ಒಪ್ಪಿಸುತ್ತವೆ. ಕಡಲಕಳೆಯೂ ಪಾಚಿಯೇ, ಆದರೆ ಬಂಡೆಗಂಟಿ ಬೆಳೆಯುವ ದೊಡ್ಡ ಪಾಚಿ. ಇಬ್ಬರಿಗೂ ಬೇಕಾದದ್ದು ಅದೇ ಬೆಳಕು, ಅದೇ ಜಾಗ. ಕಳೆಯ ಬೆಳವಣಿಗೆ ಚುರುಕು, ಹವಳದ್ದು ಆಮೆನಡಿಗೆ. ಸಮುದ್ರದಲ್ಲಾದರೆ ಮೀನುಗಳು ಕಳೆಯನ್ನು ಮೇಯ್ದು ಹವಳಕ್ಕೆ ಉಸಿರಾಡಲು ಎಡೆ ಮಾಡಿಕೊಡುತ್ತವೆ. ತೊಟ್ಟಿಯಲ್ಲಿ ಆ ಕೆಲಸ ಸಾಕುವವರ ಕತ್ತರಿಯದು.

ಹಾಗಿದ್ದರೆ ಕಳೆಯನ್ನು ಒಳಗೆ ಬಿಡುವುದಾದರೂ ಏಕೆ? ಚೆಂದಕ್ಕಷ್ಟೇ ಅಲ್ಲ. ಮೀನಿನ ಹೊಲಸು, ತಿಂದುಳಿದ ಆಹಾರ ಕೊಳೆತು ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಸೇರಿಕೊಳ್ಳುತ್ತವೆ. ಕಡಲಕಳೆ ಅವುಗಳನ್ನೇ ಗೊಬ್ಬರವಾಗಿ ಹೀರುತ್ತದೆ. ಬೆಳೆದ ಕಳೆಯನ್ನು ಕೊಯ್ದು ಹೊರಗೆ ತೆಗೆದರೆ ಮಾತ್ರ ಲಾಭ. ಒಳಗೇ ಕೊಳೆಯಲು ಬಿಟ್ಟರೆ ಸಾಲ ಮರಳಿ ತೊಟ್ಟಿಗೇ. ಅನುಭವಸ್ಥರು ಕಳೆಗೆ ಬೇರೆಯೇ ಕೋಣೆ ಕೊಡುತ್ತಾರೆ. ತೊಟ್ಟಿಯ ಕೆಳಗಿಡುವ ಆ ಎರಡನೆಯ ತೊಟ್ಟಿಗೆ ಅವರ ಭಾಷೆಯಲ್ಲಿ ‘ಸಂಪ್’ ಎಂದೇ ಹೆಸರು. ನಲ್ಲಿ ನೀರು ತುಂಬಿಡುವ ಸಂಪನ್ನು ಮನೆಮನೆಯಲ್ಲೂ ಕಂಡ ನಮ್ಮವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿ ರಾತ್ರಿ ದೀಪ ಉರಿಸುವುದು ವಾಡಿಕೆ. ಕತ್ತಲಲ್ಲಿ ಎಲ್ಲವೂ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಹೆಚ್ಚಿಸುತ್ತವೆ, ನೀರಿನ ಕ್ಷಾರಗುಣ ಕುಗ್ಗುತ್ತದೆ. ಮೇಲೆ ಕತ್ತಲಿದ್ದಾಗ ಕೆಳಗೆ ಬೆಳಕಿದ್ದರೆ ಏರುಪೇರು ಕಡಿಮೆ.

ಕಾಲರ್ಪಾ ಎಂಬ ಕಳೆ ಮೊದಲು ಮನಸ್ಸು ಸೆಳೆಯುವಂಥದು. ಗರಿಯಂಥ ಹಸಿರು ಎಲೆ, ಬಳ್ಳಿಯಂಥ ಕಾಂಡ. ಆದರೆ ಇಡೀ ಬಳ್ಳಿ ಒಂದೇ ಒಂದು ಜೀವಕೋಶ! ಕೆಲವೊಮ್ಮೆ ರಾತ್ರೋರಾತ್ರಿ ತನ್ನ ಸತ್ವವನ್ನೆಲ್ಲ ನೀರಿಗೆ ಬಿಟ್ಟು ಬಿಳಿಚಿಕೊಂಡುಬಿಡುತ್ತದೆ. ನೀರು ಹಸಿರು ಗಂಜಿಯಂತಾಗಿ ಮೀನುಗಳು ಉಸಿರುಗಟ್ಟುತ್ತವೆ. 1984ರಲ್ಲಿ ಮೊನಾಕೋದ ಸಮುದ್ರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಲ್ಲಿ ಇದರ ಒಂದು ಜಾತಿ ಸುಮಾರು ಒಂದು ಚದರ ಮೀಟರಿನಷ್ಟು ಕಂಡಿತ್ತು. ಮುಂದೆ ಅದು ಮೆಡಿಟರೇನಿಯನ್ನಿನ ಸಾವಿರಾರು ಹೆಕ್ಟೇರಿಗೆ ಹಬ್ಬಿತು. ದೂರದ ಮಾತೇಕೆ, ಮನ್ನಾರ್ ಖಾರಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಕೃಷಿಗೆಂದು ತಂದ ಕಪ್ಪಾಫೈಕಸ್ ಕಳೆ ಹಾಸಿಕೊಂಡಿರುವುದನ್ನು ವಿಜ್ಞಾನಿಗಳು 2008ರಲ್ಲಿ ವರದಿ ಮಾಡಿದರು.

ಇನ್ನು ನೀರು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅದೂ ಅಡುಗೆಯದಲ್ಲ. ನೂರು ಲೀಟರಿನ ತೊಟ್ಟಿಗೆ ಮೂರೂವರೆ ಕಿಲೋ. ಕೋಲಾರ ಜಿಲ್ಲೆಯ ಕೊಳವೆಬಾವಿ ನೀರಿನ ಗಡಸುತನ, ಫ್ಲೋರೈಡ್, ನೈಟ್ರೇಟ್ ಎಲ್ಲರಿಗೂ ಗೊತ್ತಿರುವುದೇ. ಅದನ್ನು ಶುದ್ಧೀಕರಿಸದೆ ಬಳಸುವಂತಿಲ್ಲ. ಶುದ್ಧೀಕರಿಸುವಾಗ ಒಳ್ಳೆಯ ನೀರಿನ ಜೊತೆಗೆ ಸಾಕಷ್ಟು ನೀರು ಚರಂಡಿ ಪಾಲು. ಬಿಂದಿಗೆ ಲೆಕ್ಕದಲ್ಲಿ ನೀರು ಬಳಸುವ ಸೀಮೆಯಲ್ಲಿ ಈ ಲೆಕ್ಕವನ್ನೂ ಹಾಕಬೇಕು. ಕರೆಂಟು ಹೋಗಿ ಪಂಪು ಕೆಲವು ಗಂಟೆ ನಿಂತರಂತೂ ವರ್ಷದ ದುಡಿಮೆ ಒಂದೇ ರಾತ್ರಿಗೆ ಮಣ್ಣುಪಾಲಾದೀತು.

ಎಲ್ಲಕ್ಕಿಂತ ಮುಖ್ಯವಾದದ್ದು ಕಾನೂನು. ಕೆ.ಜಿ.ಎಫ್. ಗಣಿಗೆ ಬೀಗ ಬಿದ್ದ 2001ರಲ್ಲೇ ದಿಬ್ಬ ಕಟ್ಟುವ ಹವಳಗಳು, ಕಪ್ಪು ಹವಳ, ಕಡಲ ಬೀಸಣಿಗೆಗಳನ್ನು ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿ ಇರುವ ಪಟ್ಟಿ ಅದು. ನಮ್ಮ ಕಡಲಿನಿಂದ ಕಿತ್ತ ಅಂಥ ಹವಳವನ್ನು ಮಾರುವುದೂ ಅಪರಾಧ, ಕೊಳ್ಳುವುದೂ ಅಪರಾಧ. ‘ಎಲ್ಲರೂ ಇಟ್ಟಿದ್ದಾರೆ ಸ್ವಾಮಿ’ ಎಂಬ ಅಂಗಡಿಯವನ ಮಾತು ನ್ಯಾಯಾಲಯದಲ್ಲಿ ನಡೆಯದು.

ಹಟ ಹಿಡಿದ ಮಗುವಿಗೆ ಬರಿದೇ ‘ಬೇಡ’ ಎನ್ನಬೇಕಿಲ್ಲ. ಪಿಯುಸಿ ಜೀವಶಾಸ್ತ್ರ ಪುಸ್ತಕದಲ್ಲಿ ಬರುವ ಕಾರಾ ಎಂಬ ಹಸಿರು ಪಾಚಿ ಸಿಹಿನೀರಿನದು. ಕದಡದ, ಗಡಸು ನೀರೆಂದರೆ ಅದಕ್ಕೆ ಪ್ರೀತಿ. ಊರ ಕೊಳಚೆ ಸೇರಿದ ಕೆರೆಯಲ್ಲಿ ಅದು ಉಳಿಯುವುದಿಲ್ಲ. ನೋಡಲು ಪುಟ್ಟ ದೀಪಗಂಬ: ಗಂಟುಗಂಟಿಗೂ ಸುತ್ತ ಕವಲು. ತಳದಲ್ಲಿ ಕೆರೆಯ ಮಣ್ಣು, ಮೇಲೆ ತೊಳೆದ ಮರಳು, ಕಿಟಕಿಯ ಬೆಳಕು ಇದ್ದರೆ ಗಾಜಿನ ಜಾಡಿಯೇ ಸಾಕು. ಹವಳದಂತೆ ಇದೂ ನೀರಿನ ಸುಣ್ಣವನ್ನು ಮೈಗೆ ಮೆತ್ತಿಕೊಂಡು ಒರಟಾಗುತ್ತದೆ. ಒಣಗಿದ ತುಣುಕಿಗೆ ನಿಂಬೆರಸ ಹಿಂಡಿದರೆ ನೊರೆಗುಳ್ಳೆ ಏಳುತ್ತದೆ. ಎರಡು ಗಂಟುಗಳ ನಡುವಿನ ಉದ್ದ ಕೋಶ ಬರಿಗಣ್ಣಿಗೇ ಕಾಣುವಷ್ಟು ದೊಡ್ಡದು. ಸುಣ್ಣ ಮೆತ್ತದ ಎಳೆಯ ತುದಿಯೊಂದನ್ನು ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಕೋಶದೊಳಗಿನ ರಸ ಒಂದು ಬದಿಯಲ್ಲಿ ಮೇಲೇರಿ ಇನ್ನೊಂದು ಬದಿಯಲ್ಲಿ ಇಳಿಯುತ್ತ ಸುತ್ತು ಹಾಕುವುದನ್ನು ನೋಡುತ್ತ ಕೂರಬಹುದು.