ಶಸ್ತ್ರಚಿಕಿತ್ಸೆಯ ಮೊದಲ ರಾತ್ರಿ

ಮುಂಡಗೋಡ ತಾಲೂಕಿನ ಮಳಗಿಯಿಂದ ವಾಚಕಿಯೊಬ್ಬರು ಬರೆದಿದ್ದಾರೆ. ಅವರ ಮಾವನವರು ಜಾರಿಬಿದ್ದು ಮುಂಗೈ ಮುರಿದುಕೊಂಡರು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ, ಎಚ್ಚರ ತಪ್ಪಿಸದೆ ತೋಳನ್ನಷ್ಟೇ ಮರಗಟ್ಟಿಸಿ, ಮೂಳೆ ಕೂಡಿಸಿದರು. ಸಂಜೆಯವರೆಗೆ ಹಿರಿಯರು ನಗುನಗುತ್ತಲೇ ಇದ್ದರಂತೆ. ನಡುರಾತ್ರಿ ಮದ್ದು ಇಳಿಯಿತು. ಮನೆಮಂದಿಯೆಲ್ಲ ಎದ್ದು ಕೂಡುವಂಥ ನೋವು. “ಆ ಮದ್ದು ಬೆಳಗಿನವರೆಗೆ ನಿಲ್ಲುವಂತೆ ಮಾಡಲಾಗದೆ?” ಎಂಬುದು ಅವರ ಪ್ರಶ್ನೆ.

ಮಾಡಬಹುದು. ಕತ್ತಿನಿಂದ ತೋಳಿಗಿಳಿಯುವ ನರಗಳ ಸುತ್ತ ಬುಪಿವಕೇನ್‌ನಂಥ ಮದ್ದನ್ನು ಚುಚ್ಚಿದರೆ ನೋವಿನ ಸುದ್ದಿ ಮಿದುಳಿಗೆ ಮುಟ್ಟದು. ಆದರೆ ರಕ್ತವು ಆ ಮದ್ದನ್ನು ಮೆಲ್ಲನೆ ಹೊತ್ತೊಯ್ಯುತ್ತದೆ; ಸಾಮಾನ್ಯವಾಗಿ ಅರ್ಧ ದಿನದೊಳಗೆ ಅದರ ಬಲ ತೀರುತ್ತದೆ. 1903ರಲ್ಲಿಯೇ ಜರ್ಮನಿಯ ಹೈನ್ರಿಕ್ ಬ್ರೌನ್ ಎಂಬ ಶಸ್ತ್ರವೈದ್ಯನು ಇದಕ್ಕೊಂದು ಉಪಾಯ ಕಂಡಿದ್ದನು: ಅಂದು ಬಳಕೆಯಲ್ಲಿದ್ದ ಕೊಕೇನಿಗೆ ಅಡ್ರಿನಲಿನ್ ಬೆರೆಸಿ ರಕ್ತನಾಳಗಳನ್ನು ಕುಗ್ಗಿಸಿದನು.

ಇಂದು ಹೆಚ್ಚಾಗಿ ಬೆರೆಸುವುದು ಡೆಕ್ಸಾಮೆಥಸೋನ್. ನಾಲ್ಕರಿಂದ ಎಂಟು ಮಿಲಿಗ್ರಾಂ ಸಾಕು. ಉಪಶಮನವು ಆರೆಂಟು ತಾಸು ಮುಂದುವರಿಯುತ್ತದೆ. ಸೋಜಿಗವೆಂದರೆ, ಅದನ್ನು ನರದ ಬಳಿ ಹಾಕದೆ ರಕ್ತನಾಳಕ್ಕೆ ಕೊಟ್ಟರೂ ಫಲ ಬಹುಮಟ್ಟಿಗೆ ಅಷ್ಟೇ! ನರದ ಬಳಿ ಹಾಕಲು ಆ ಮದ್ದಿಗೆ ವಿಧಿವತ್ತಾದ ಮನ್ನಣೆಯೂ ಇಲ್ಲ. ಆದುದರಿಂದ ಎಷ್ಟೋ ವೈದ್ಯರು ರಕ್ತನಾಳದ ದಾರಿಯನ್ನೇ ಹಿಡಿಯುತ್ತಾರೆ. ನನಗೂ ಅದೇ ಸರಿಯೆನಿಸುತ್ತದೆ. ಕ್ಲೋನಿಡಿನ್ ಕೊಡುವುದು ಸುಮಾರು ಎರಡು ತಾಸಿನ ಲಾಭ. ಅದೇ ಬಳಗದ ಡೆಕ್ಸ್‌ಮೆಡಿಟೊಮಿಡಿನ್ ಅದಕ್ಕಿಂತ ಮೇಲು. ಆದರೆ ನಾಡಿ ನಿಧಾನವಾಗಬಹುದು, ರಕ್ತದೊತ್ತಡ ಇಳಿಯಬಹುದು, ತೂಕಡಿಕೆ ಬರಬಹುದು. ಸಕ್ಕರೆ ಕಾಯಿಲೆಯಿದ್ದವರಿಗೆ ಡೆಕ್ಸಾಮೆಥಸೋನ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಇವನ್ನೆಲ್ಲ ಮೊದಲೇ ಹೇಳಿಬಿಡಬೇಕು.

ಇನ್ನೊಂದು ಮಾತು. ಮರಗಟ್ಟಿದ ಕೈ ಹೆಚ್ಚು ಹೊತ್ತು ಹಾಗೆಯೇ ಇದ್ದರೆ ಕಾವಲೂ ಹೆಚ್ಚು ಹೊತ್ತು ಬೇಕು. ಒಲೆಯ ಕಾವು ತಗುಲಿದರೂ ತಿಳಿಯದು. ಪಟ್ಟಿ ಬಿಗಿಯಾದರೂ ತಿಳಿಯದು. ಕೈಯನ್ನು ಜೋಳಿಗೆಪಟ್ಟಿಯಲ್ಲಿಟ್ಟು, ಬೆರಳುಗಳು ತಣ್ಣಗಾಗಿಲ್ಲವೆಂದೂ ನೀಲಿಗಟ್ಟಿಲ್ಲವೆಂದೂ ಆಗಾಗ ನೋಡುತ್ತಿರಬೇಕು.

ಮಳಗಿಯ ಸೋದರಿ ಬರೆದ ನಡುರಾತ್ರಿಯ ಸಂಕಟಕ್ಕೆ ಮದ್ದು ತೀರಿದ್ದೊಂದೇ ಕಾರಣವಲ್ಲವೆಂದು ತೋರುತ್ತದೆ. ಕೊಟ್ಟ ಗುಳಿಗೆಗಳನ್ನು “ನೋವು ಬಂದ ಮೇಲೆ ನುಂಗಿದರಾಯಿತು” ಎಂದು ಎತ್ತಿಟ್ಟಿದ್ದರಂತೆ. ಬಹುಮಂದಿ ಹೀಗೆಯೇ ಮಾಡುತ್ತಾರೆ. ಬೆರಳಿನಲ್ಲಿ ಜುಮುಜುಮು ತೊಡಗುವ ಮುನ್ನವೇ, ವೈದ್ಯರು ಹೇಳಿದ ಹೊತ್ತಿಗೆ, ನೋವಿಲ್ಲದಿದ್ದರೂ ಗುಳಿಗೆ ಹೊಟ್ಟೆಗೆ ಸೇರಿರಬೇಕು. ಮಾವನವರ ಕೈಯಿಂದ ತಗಡು ತೆಗೆಸಬೇಕಾಗಿ ಬಂದರೆ, ಅರಿವಳಿಕೆಯ ವೈದ್ಯರನ್ನು ಎರಡು ಮಾತು ಕೇಳಿರಿ: ಮದ್ದಿನೊಡನೆ ಏನು ಬೆರೆಸುವಿರಿ, ಮೊದಲ ಗುಳಿಗೆ ಎಷ್ಟು ಗಂಟೆಗೆ?