ಬೆಳೆ ಹೆಚ್ಚಿತು, ಪಾಲು ಯಾರಿಗೆ?

ಭೂಮಿಯ ಫಸಲು ಹೆಚ್ಚಿದರೆ ಬಡವನ ಹೊಟ್ಟೆ ತಾನಾಗಿಯೇ ತುಂಬುತ್ತದೆಂದು ಧಣಿಗಳ ವಕೀಲರು ಉಪದೇಶ ಮಾಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡೇ ಇದಕ್ಕೆ ಸಾಕ್ಷಿಯೆನ್ನುತ್ತಾರೆ. ಒಳ್ಳೆಯದು, ಆ ಸಾಕ್ಷಿಯನ್ನೇ ಕಟಕಟೆಗೆ ಕರೆಯೋಣ.

ಅಲ್ಲಿನ ಬೇಸಾಯ ಸುಧಾರಿಸಿದ್ದು ಸುಳ್ಳಲ್ಲ. ಟರ್ನಿಪ್ ಗೆಡ್ಡೆ, ಬಾರ್ಲಿ, ಕ್ಲೋವರ್ ಮೇವು, ಗೋಧಿ ಎಂದು ನಾಲ್ಕು ವರ್ಷದ ಸರದಿ ಹಾಕಿದ್ದರಿಂದ ಹೊಲವನ್ನು ಬೀಳು ಬಿಡುವುದು ತಪ್ಪಿತು. ಕ್ಲೋವರ್ ಬೇರು ಮಣ್ಣಿಗೆ ಸಾರಜನಕ ಕೊಟ್ಟಿತು. ಗೆಡ್ಡೆ ತಿಂದ ಕುರಿ, ದನ ಗೊಬ್ಬರ ಕೊಟ್ಟವು. ಜೌಗು ನೆಲದಡಿ ಸುಟ್ಟ ಜೇಡಿಯ ಕೊಳವೆ ಹೂಳಿ ನೀರು ಬಸಿದರು. ಪೆರು ದೇಶದಿಂದ ಹಕ್ಕಿಯ ಹಿಕ್ಕೆಯ ಗೊಬ್ಬರ ಹಡಗೇರಿ ಬಂತು. 1842ರಲ್ಲಿ ಜಾನ್ ಬೆನೆಟ್ ಲಾಸ್ ಎಂಬಾತ ಸೂಪರ್ ಫಾಸ್ಫೇಟಿಗೆ ಪೇಟೆಂಟ್ ಪಡೆದ. ಇವೆಲ್ಲ ಮನುಷ್ಯನ ಬುದ್ಧಿಯ ಗೆಲುವು, ಯಾರೂ ಅಲ್ಲಗಳೆಯುವುದಿಲ್ಲ.

ಆದರೆ ಪಾಲಿನ ಲೆಕ್ಕವೇನು? ಟೈಮ್ಸ್ ಪತ್ರಿಕೆಯ ಪರವಾಗಿ ಜೇಮ್ಸ್ ಕೇರ್ಡ್ ಎಂಬಾತ 1850-51ರಲ್ಲಿ ಇಂಗ್ಲೆಂಡಿನ ಹಳ್ಳಿಗಳನ್ನು ಸುತ್ತಿ, ತಾನು ಕಂಡ ಅಂಕಿಗಳನ್ನು 1770ರ ಅಂಕಿಗಳೊಡನೆ ಹೋಲಿಸಿದ. ಅವನು ಕೂಲಿಗಾರರ ಮುಖಂಡನಲ್ಲ. ಹೊಸ ಬೇಸಾಯವನ್ನು ಹೊಗಳಿದವನು. ಅವನ ಲೆಕ್ಕದಂತೆ ಎಂಬತ್ತು ವರ್ಷದಲ್ಲಿ ಎಕರೆಯ ಗೋಧಿ 23 ಬುಷೆಲಿನಿಂದ 26¾ ಬುಷೆಲಿಗೆ ಏರಿತು. ಭೂಮಾಲೀಕನ ಗೇಣಿಯೋ ಇಮ್ಮಡಿಯಾಯಿತು! ಕೂಲಿ ವಾರಕ್ಕೆ 7 ಶಿಲಿಂಗ್ 3 ಪೆನ್ಸಿನಿಂದ 9 ಶಿಲಿಂಗ್ 7 ಪೆನ್ಸಿಗೆ ಬಂತು. ಕೂಲಿಗಾರನ ಗುಡಿಸಲಿನ ಬಾಡಿಗೆ ಇಮ್ಮಡಿ. ಬೆಣ್ಣೆಯ ಬೆಲೆಯೂ ಇಮ್ಮಡಿ. ರೊಟ್ಟಿಯೊಂದೇ ತುಸು ಅಗ್ಗ. ಅಂಗಡಿಯ ಖಾತೆ ಬರೆಯುವವರೇ ಕೂಡಿ ಕಳೆದು ನೋಡಲಿ, ಲಾಭ ಯಾರ ಕಡೆ ನಿಂತಿತೆಂದು.

ರೊಟ್ಟಿ ಅಗ್ಗವಾದದ್ದೂ ಧಣಿಗಳ ದಯೆಯಿಂದಲ್ಲ. ಭೂಮಾಲೀಕರೇ ತುಂಬಿದ್ದ ಪಾರ್ಲಿಮೆಂಟು 1815ರಲ್ಲಿ ಧಾನ್ಯ ಕಾನೂನು ಮಾಡಿ, ಗೋಧಿಯ ಬೆಲೆ ಕ್ವಾರ್ಟರಿಗೆ, ಅಂದರೆ ಎಂಟು ಬುಷೆಲಿಗೆ, 80 ಶಿಲಿಂಗ್ ಮುಟ್ಟುವ ತನಕ ಹೊರದೇಶದ ಗೋಧಿಗೆ ಮಾರುಕಟ್ಟೆಯ ಬಾಗಿಲು ಮುಚ್ಚಿತು. ಗಿರಣಿಯವನ ತುತ್ತಿನ ಮೇಲೆ ಹಾಕಿದ ಈ ತೆರಿಗೆ ವರ್ಷಗಟ್ಟಲೆ ಚಳವಳಿ ನಡೆದ ಮೇಲೆಯೇ, 1846ರಲ್ಲಿ, ರದ್ದಿಗೆ ಬಂತು.

ಇನ್ನು ಒಕ್ಕಣೆ ಯಂತ್ರ. ಚಳಿಗಾಲದಲ್ಲಿ ಕೈಯಿಂದ ಕಾಳು ಬಡಿಯುವ ಕೆಲಸವೇ ಕೂಲಿಗಾರನಿಗೆ ಆಧಾರ. ಯಂತ್ರ ಬಂದು ಅದನ್ನೂ ಕಿತ್ತುಕೊಂಡಿತು. 1830ರಲ್ಲಿ ಕೆಂಟ್ ಪ್ರಾಂತದಲ್ಲಿ ಕೂಲಿಗಾರರು ಯಂತ್ರಗಳನ್ನು ಒಡೆದರು; ದಂಗೆ ದಕ್ಷಿಣದ ಜಿಲ್ಲೆಗಳಿಗೆಲ್ಲ ಹಬ್ಬಿತು. ಸರ್ಕಾರ ಕೊಟ್ಟ ಉತ್ತರವೇನು? 19 ಮಂದಿಗೆ ಗಲ್ಲು, ಐನೂರರ ಹತ್ತಿರ ಜನರಿಗೆ ಸಮುದ್ರದಾಚೆಯ ಗಡೀಪಾರು.

ಯಂತ್ರ ಪಾಪಿಯಲ್ಲ, ಗೊಬ್ಬರವೂ ಪಾಪಿಯಲ್ಲ. ಮಗ್ಗದ ಮುಂದೆ ನಿಂತು ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲ ಒಬ್ಬನದು, ಬೆವರು ಇನ್ನೊಬ್ಬನದು ಆಗಿರುವ ತನಕ ಉತ್ತವನಿಗೆ ಹೊಟ್ಟು, ಕೂತವನಿಗೆ ಕಾಳು. ಎಕರೆಗೆ ಎಷ್ಟು ಬೆಳೆಯಿತೆಂದು ಯಾರಾದರೂ ಹೆಮ್ಮೆಯಿಂದ ಅಂಕಿ ಹೇಳಲು ಬಂದರೆ, ಅದು ಯಾರ ಕಣಜ ಸೇರಿತೆಂದು ಅಲ್ಲಿಯೇ ಕೇಳಿರಿ.