ಐವತ್ತರ ಮಗನಿಗೆ ತೋಟ ಯಾವಾಗ?

ಬೆಳ್ಳಾರೆ ಪೇಟೆಯ ಅಡಿಕೆ ಅಂಗಡಿಯೆದುರು ಪಿಕಪ್ ನಿಲ್ಲುತ್ತದೆ. ಗೋಣಿ ಇಳಿಸುವವನು ಐವತ್ತರ ಮಗ. ಪಟೋರ ಎಷ್ಟು, ಕರಿಗೋಟು ಎಷ್ಟು ಎಂದು ಅಂಗಡಿಯವರ ಜತೆ ಲೆಕ್ಕ ಹಾಕುವವನೂ ಅವನೇ. ರೇಟು ಕುದುರಿದ ಮೇಲೆ ಮಾತ್ರ ಮನೆಗೆ ಫೋನು ಹೋಗುತ್ತದೆ: ‘ಅಪ್ಪಾ, ಕೊಡುವುದಾ?’ ಎಂಬತ್ತು ದಾಟಿದ ಸ್ವರ ‘ಇನ್ನೊಂದು ವಾರ ನೋಡುವ’ ಎಂದರೆ ಗೋಣಿಗಳು ವಾಪಸು ಪಿಕಪ್ ಹತ್ತುತ್ತವೆ. ಸುಳ್ಯ, ಪುತ್ತೂರು, ಕಡಬದ ಕಡೆಯವರಿಗೆ ಇದರಲ್ಲಿ ಹೊಸತೇನೂ ಕಾಣಿಸದು. ಕಾಣಿಸಬೇಕು ಎಂಬುದೇ ನನ್ನ ವಾದ.

ಮನುಷ್ಯನ ಮನಸ್ಸು ಎಲ್ಲಿಯವರೆಗೆ ಬೆಳೆಯುತ್ತದೆ? ಫ್ರಾಯ್ಡ್ ಮುಖ್ಯವಾದದ್ದೆಲ್ಲ ಬಾಲ್ಯದಲ್ಲೇ ಮುಗಿಯಿತೆಂದ. ಪಿಯಾಜೆಯ ಹಂತಗಳು ಹದಿಹರೆಯಕ್ಕೆ ಬಂದು ನಿಂತವು. ಹುಟ್ಟಿನಿಂದ ಮುಪ್ಪಿನವರೆಗೂ ಬೆಳವಣಿಗೆ ಉಂಟು ಎಂದು ಎಂಟು ಹಂತಗಳ ನಕ್ಷೆ ಬರೆದವನು ಎರಿಕ್ ಎರಿಕ್‌ಸನ್, 1950ರಲ್ಲಿ ಬಂದ ‘ಚೈಲ್ಡ್‌ಹುಡ್ ಆ್ಯಂಡ್ ಸೊಸೈಟಿ’ಯಲ್ಲಿ. ಅವನ ಏಳನೆಯ ಹಂತ ನಡುವಯಸ್ಸಿನದು: ಮುಂದಿನ ತಲೆಮಾರಿಗೆಂದು ಏನನ್ನಾದರೂ ನೆಟ್ಟು ಬೆಳೆಸುವ ತುಡಿತ, ಅದಕ್ಕೆ ದಾರಿ ಸಿಗದಿದ್ದರೆ ಜಡತೆ. ಎಂಟನೆಯದು ಮುಪ್ಪಿನದು: ಬಾಳಿದ ಬಾಳನ್ನು ‘ಸರಿ, ಹೀಗಾಯಿತು’ ಎಂದು ಒಪ್ಪಿಕೊಳ್ಳುವುದು, ಆಗದಿದ್ದರೆ ಹತಾಶೆ. ತಲೆಮಾರುಗಳು ಹಲ್ಲುಚಕ್ರಗಳ ಹಾಗೆ ಒಂದನ್ನೊಂದು ಕಚ್ಚಿಕೊಂಡು ತಿರುಗುತ್ತವೆ ಎಂದೂ ಅವನು ಹೇಳಿದ್ದ. ಎಂಟು ಹಂತಗಳನ್ನು ಬಾಯಿಪಾಠ ಮಾಡಿಸುವ ನಮ್ಮ ಬಿ.ಎಡ್. ತರಗತಿಗಳಲ್ಲಿ ಈ ಮಾತು ಹೇಗೋ ಜಾರಿಹೋಗುತ್ತದೆ.

ಸಂಬಳದ ನೌಕರಿಯಲ್ಲಿ ಆ ಚಕ್ರವನ್ನು ನಿವೃತ್ತಿ ಎಂಬ ನಿಯಮವೇ ತಿರುಗಿಸುತ್ತದೆ. ಅಡಿಕೆ ತೋಟಕ್ಕೆ ನಿವೃತ್ತಿ ಇಲ್ಲ. ತೋಟದಲ್ಲಿ ಹಂತ ತೀರ್ಮಾನಿಸುವುದು ವಯಸ್ಸಲ್ಲ, ಆರ್‌ಟಿಸಿ, ಅಂದರೆ ಜಮೀನಿನ ಪಹಣಿ. ಸೊಸೈಟಿಯ ಬೆಳೆಸಾಲ, ಹವಾಮಾನ ಆಧಾರಿತ ವಿಮೆ, ತೋಟಗಾರಿಕೆ ಇಲಾಖೆಯ ಸಬ್ಸಿಡಿ, ಎಲ್ಲಕ್ಕೂ ಅದರಲ್ಲಿ ಹೆಸರು ಬೇಕು. ಹೆಸರು ಅಪ್ಪನದು. ಎಷ್ಟೋ ಕಡೆ ತೀರಿಹೋದ ಅಜ್ಜನದು. ಸರ್ಕಾರವೇ ಪೌತಿ ಖಾತೆ ಆಂದೋಲನ ಮಾಡಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ಹಳದಿ ಎಲೆ ರೋಗ ಬಡಿದ ಕಡೆ ಇದರ ಪರಿಣಾಮ ಚೆನ್ನಾಗಿ ಕಾಣುತ್ತದೆ. ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜದ ತೋಟಗಳನ್ನು ತಿಂದ ಈ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂದು ಗೊತ್ತಿದೆ, ವಾಸಿ ಮಾಡುವ ಮದ್ದಿಲ್ಲ. ಕಡಿದು ಬೇರೆ ಬೆಳೆಗೆ ಹೋಗಬೇಕೇ, ಇನ್ನೊಮ್ಮೆ ಅಡಿಕೆಯನ್ನೇ ಇಡಬೇಕೇ? ಇಂದು ಇಟ್ಟ ಅಡಿಕೆ ಸಸಿ ಫಸಲು ಕೊಡಲು ಐದಾರು ವರ್ಷ ಬೇಕು. ಆಮೇಲೆ ನಾಲ್ಕೈದು ದಶಕ ಕೊಡುತ್ತದೆ. ಆ ಫಸಲನ್ನು ಉಣ್ಣುವವನು ಮಗ, ಮೊಮ್ಮಗ. ತೀರ್ಮಾನ ಮಾತ್ರ ಎಂಬತ್ತರವರದ್ದು, ಅವರಿಗೆ ತಾವು ಇಟ್ಟ ಮರ ಕಡಿಸುವುದೆಂದರೆ ತಮ್ಮ ಬದುಕನ್ನೇ ಕಡಿಸಿದ ಹಾಗೆ. ‘ನಾನು ಇರುವಷ್ಟು ದಿನ ಇರಲಿ’ ಎನ್ನುತ್ತಾರೆ. ಅವರ ಎಂಟನೆಯ ಹಂತದ ಸಂಕಟ ಮಗನ ಏಳನೆಯ ಹಂತವನ್ನು ತಡೆದು ನಿಲ್ಲಿಸುವುದು ಹೀಗೆ. ಹಳ್ಳಿಯ ಹುಡುಗರು ಬೆಂಗಳೂರಿಗೆ ಹೋಗುವುದು ಸಂಬಳಕ್ಕಾಗಿ ಎಂಬುದು ಅರ್ಧ ಸತ್ಯ. ಇಪ್ಪತ್ತೈದರಲ್ಲೇ ಸ್ವಂತ ತೀರ್ಮಾನ ಮಾಡಬಹುದು ಎಂಬುದು ಉಳಿದರ್ಧ.

ಬಿಟ್ಟುಕೊಡುವ ಮಾತು ನಮಗೆ ಪರಕೀಯವೇನಲ್ಲ. ಚರ್ಮ ಸುಕ್ಕಾಗಿ, ಕೂದಲು ನರೆತು, ಮಗನ ಮಗನನ್ನು ಕಂಡ ಮೇಲೆ ಗೃಹಸ್ಥ ಕಾಡಿಗೆ ಹೊರಡಬೇಕೆಂದು ಮನುಸ್ಮೃತಿಯೇ ಹೇಳಿದೆ. ಮನೋವಿಶ್ಲೇಷಕ ಸುಧೀರ್ ಕಾಕರ್ ನಮ್ಮ ಆಶ್ರಮಗಳನ್ನು ಎರಿಕ್‌ಸನ್ ಹಂತಗಳ ಪಕ್ಕದಲ್ಲಿಟ್ಟು ನೋಡಿದ್ದರು. ಆದರೆ ವಾನಪ್ರಸ್ಥ ಪುಸ್ತಕದಲ್ಲೇ ಉಳಿಯಿತು. ಅಳಿಯಸಂತಾನದ ಮನೆಗಳಲ್ಲಿ ಯಜಮಾನಿಕೆ ಮಾವನಿಂದ ಅಳಿಯನಿಗೆ ಹೋಗುತ್ತಿತ್ತು, ಹಿರಿಯ ಹೆಂಗಸು ಯಜಮಾನ್ತಿಯೂ ಆಗುತ್ತಿದ್ದಳು. ಅಲ್ಲಿಯೂ ಕೈಬದಲಾವಣೆ ಸಾಮಾನ್ಯವಾಗಿ ಸಾವಿನ ನಂತರವೇ.

ಹಾಗೆಂದು ಬಿಟ್ಟುಕೊಟ್ಟವರು ಕೈಕಟ್ಟಿ ಕೂರಬೇಕಿಲ್ಲ. ಎರಿಕ್‌ಸನ್ ಹುಟ್ಟಿದ 1902ರಲ್ಲೇ ಹುಟ್ಟಿದವರು ಶಿವರಾಮ ಕಾರಂತರು. ಪುತ್ತೂರಿನ ಬಾಲವನದಲ್ಲಿ ದಶಕಗಟ್ಟಲೆ ಬಾಳಿದವರು, 1989ರಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಆಗ ಅವರಿಗೆ ಎಂಬತ್ತೇಳು. ಮುಪ್ಪೆಂದರೆ ಮೂಲೆ ಸೇರುವುದು ಎಂದುಕೊಂಡವರಿಗೆ ಈ ಬಾಳೇ ಸಾಕಷ್ಟು ಉತ್ತರ. ಅವರು ಹಿಡಿದದ್ದೆಲ್ಲ ಹೊಸ ಕೆಲಸ. ಇನ್ನೊಬ್ಬನ ಪಾಲಿನದ್ದನ್ನು ಹಿಡಿದುಕೊಂಡು ಕೂತದ್ದಲ್ಲ.

ಜರ್ಮನಿಯ ಮನಶ್ಶಾಸ್ತ್ರಜ್ಞ ಪಾಲ್ ಬಾಲ್ಟೆಸ್ ಮುಪ್ಪನ್ನು ಇನ್ನೊಂದು ಬದಿಯಿಂದ ನೋಡಿದ. ಶಕ್ತಿ ಕುಗ್ಗಿದಾಗ ಮನುಷ್ಯ ಕೆಲಸ ಆರಿಸಿಕೊಳ್ಳುತ್ತಾನೆ, ಆರಿಸಿದ್ದರಲ್ಲಿ ಪಳಗುತ್ತಾನೆ, ಕಳೆದುಕೊಂಡದ್ದಕ್ಕೆ ಬದಲಿ ಹುಡುಕುತ್ತಾನೆ ಎಂದ. ಕಾರ್ಬನ್ ಫೈಬರ್ ದೋಟಿ ನೋಡಿ. ಮರ ಹತ್ತಲಾಗದವರು ಇಂದು ನೆಲದಲ್ಲೇ ನಿಂತು ಕೊನೆ ತೆಗೆಯುತ್ತಾರೆ. ಬಂಟ್ವಾಳ ತಾಲೂಕಿನ ಸಜೀಪಮೂಡದ ಗಣಪತಿ ಭಟ್ಟರು ಮರ ಹತ್ತುವ ಬೈಕನ್ನೇ ಮಾಡಿದರು. ಹಿರಿಯರ ಕೈಗೆ ಕೆಲಸ ಉಳಿಯುತ್ತದೆ, ಒಳ್ಳೆಯದೇ. ಕೆಲಸ ಹಿರಿಯರ ಕೈಯಲ್ಲಿ ಉಳಿದು ತೀರ್ಮಾನ ಮಗನಿಗೆ ಹೋದರೆ ಬಾಲ್ಟೆಸನೂ ಎರಿಕ್‌ಸನ್ನನೂ ಒಟ್ಟಿಗೆ ಗೆಲ್ಲುತ್ತಾರೆ. ನಮ್ಮಲ್ಲಿ ನಡೆಯುತ್ತಿರುವುದು ತಿರುಗುಮುರುಗು: ಬೆವರು ಮಗನದು, ಮಾತು ಅಪ್ಪನದು.

ಮಗನ ಮಾತಷ್ಟೇ ಆಡುತ್ತಿದ್ದೇನೆ, ನಿಜ. ಅಡಿಕೆ ಹೆಕ್ಕಿ, ಒಣಗಿಸಿ, ಸುಲಿದು, ದನ ಕಟ್ಟಿ ಐವತ್ತು ದಾಟಿದ ಸೊಸೆಗೆ ಆರ್‌ಟಿಸಿಯೂ ಇಲ್ಲ, ಅಂಗಡಿಯ ಫೋನೂ ಇಲ್ಲ. ಮಗಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು 2005ರ ಕಾನೂನು ಹೇಳಿದ್ದರೂ ಪಾಲುಪಟ್ಟಿ ಬರೆಯುವ ದಿನ ಅವಳಿಂದ ಹಕ್ಕುಬಿಡುಗಡೆಗೆ ಸಹಿ ಹಾಕಿಸುವುದೇ ವಾಡಿಕೆ.

ಹಿರಿಯರ ಹೆದರಿಕೆಯನ್ನು ತಳ್ಳಿಹಾಕಲಾಗದು. ‘ಬರೆದುಕೊಟ್ಟು ನಾಳೆ ಇವರು ನೋಡದಿದ್ದರೆ?’ ಎಂಬ ಪ್ರಶ್ನೆಗೆ ಕಾರಣವಾದ ಮನೆಗಳು ಪ್ರತಿ ಊರಿನಲ್ಲೂ ಇವೆ. ಇದಕ್ಕೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿ ಉತ್ತರವಿದೆ. ಪಾಲನೆಯ ಷರತ್ತಿನೊಂದಿಗೆ ಮಾಡಿದ ಆಸ್ತಿ ವರ್ಗಾವಣೆಯನ್ನು, ಪಡೆದವರು ನೋಡಿಕೊಳ್ಳದಿದ್ದರೆ, ನ್ಯಾಯಮಂಡಳಿ ರದ್ದು ಮಾಡಬಹುದು. ಷರತ್ತನ್ನು ದಾನಪತ್ರದಲ್ಲೇ ಸ್ಪಷ್ಟವಾಗಿ ಬರೆಸಬೇಕು. ಬರೆಸದೆ ಹೋಗಿ ಆಮೇಲೆ ಕೋರ್ಟಿನಲ್ಲಿ ಸೋತವರಿದ್ದಾರೆ. ನಮ್ಮ ಕಡೆಯವರು ಅರ್ಜಿ ಹಿಡಿದು ಹೋಗಬೇಕಾದದ್ದು ಪುತ್ತೂರಿನ ಸಹಾಯಕ ಆಯುಕ್ತರ (ಎಸಿ) ಕಚೇರಿಗೆ. ಇಡೀ ತೋಟ ಬರೆದುಕೊಡಬೇಕೆಂದೂ ಇಲ್ಲ. ಒಂದೆಕರೆ ಮಗನ ಇಲ್ಲವೇ ಮಗಳ ಹೆಸರಿಗಾಗಲಿ, ಅಲ್ಲಿ ಏನು ನೆಡಬೇಕೆಂದು ಅವರೇ ತೀರ್ಮಾನಿಸಲಿ, ತಪ್ಪಿದರೆ ನಷ್ಟವೂ ಅವರದ್ದೇ ಆಗಲಿ. ಸೊಸೈಟಿಗಳು ವರ್ಷಕ್ಕೊಮ್ಮೆ ಮಹಾಸಭೆ ಕರೆದು ಡಿವಿಡೆಂಡಿನ ಚರ್ಚೆ ಮಾಡುತ್ತವೆ. ಎಪ್ಪತ್ತು ದಾಟಿದ ಸದಸ್ಯರನ್ನು ಕೂರಿಸಿ ಈ ಕಾಗದಪತ್ರ ಮಾಡಿಸಿಕೊಡುವ ಕೆಲಸವನ್ನೂ ಅದೇ ದಿನ ಇಟ್ಟುಕೊಳ್ಳಬಹುದು.